ಡಿಸ್ಚಾರ್ಜ್ ಆಗಿ ಮನಿಗೆ ಬಂದ, ಆದ್ರ ಮೊದಲಿನ ತಮ್ಮ ಆಗಿ ಬರಲಿಲ್ಲ: ತಲಿಪೆಟ್ಟಿಗೆ ಪರಿಹಾರ ಹೆಂಗ ಕೇಳೋದು?

ಕಾರಟಗಿ ಅಕ್ಕ

ನಮಸ್ಕಾರ್ರಿ ಎಲ್ಲಾರಿಗೂ. ನಾನು ಇಲ್ಲಿ ಓದೋದಷ್ಟ ಮಾಡ್ತಿದ್ದೆ, ಬರಿಯೋದು ಇದ ಮೊದಲು. ಉದ್ದ ಆದ್ರೂ ಓದಿ ದಾರಿ ಹೇಳ್ರಿ.

ನನ್ನ ತಮ್ಮಗ 32 ವರ್ಷ. ಬಸ್‌ಸ್ಟ್ಯಾಂಡ್ ಹತ್ರ ತಳ್ಳುಬಂಡಿ ಮ್ಯಾಲ ಮಂಡಾಳ ಒಗ್ಗರಣಿ, ಮಿರ್ಚಿ ಮಾಡ್ತಾನ. ಹನ್ನೆರಡು ವರ್ಷದಿಂದ ಅದ ಕೆಲಸ. ನಾಕು ತಿಂಗಳ ಹಿಂದ ರಾತ್ರಿ ಒಂಬತ್ತರ ಸುಮಾರಿಗೆ ಗಂಗಾವತಿಯಿಂದ ಬೈಕ್ ಮ್ಯಾಲ ಬರಾಕ್ಹತ್ತಿದ್ದ. ಭತ್ತದ ಚೀಲ ಹೇರಿದ ಟ್ರ್ಯಾಕ್ಟರ್ ಟ್ರೇಲರ್ ರಸ್ತಿ ಮ್ಯಾಲ ನಿಲ್ಲಿಸಿದ್ರು. ಹಿಂದ ಲೈಟಿಲ್ಲ, ರೇಡಿಯಂ ಪಟ್ಟಿ ಇಲ್ಲ. ಎದುರಿಂದ ಬಂದ ಲಾರಿ ಲೈಟಿಗೆ ಕಣ್ಣು ಕುಕ್ಕಿದಂಗಾಗಿ ಟ್ರೇಲರ್ ಮೂಲಿಗೆ ಬಡದು ಹಿಂದಕ್ಕ ಬಿದ್ದ. ಹೆಲ್ಮೆಟ್ ಹಾಕಿದ್ದ, ಪಟ್ಟಿ ಬಿಗಿದಿರಲಿಲ್ಲ, ಅದು ಹಾರಿ ಹೋತು. ಹಿಂದಲಿ ನೆಲಕ್ಕ ಬಡೀತು.

ಅರ್ಧ ತಾಸು ಎಚ್ಚರ ಇರಲಿಲ್ಲ. ಸ್ಕ್ಯಾನ್ ಮಾಡಿ ಹಿಂದಿನ ಬುರುಡಿ ಒಳಗ ಕೂದಲೆಳಿಯಷ್ಟು ಬಿರುಕು ಐತಿ, ಮುಂದಿನ ಮಿದುಳಿನಾಗ ಸಣ್ಣ ರಕ್ತದ ಕಲಿ ಐತಿ ಅಂದ್ರು. ಆಪರೇಷನ್ ಬ್ಯಾಡ, ಏಳು ದಿನ ಇಟ್ಕೊಂಡು ಕಳಿಸಿದ್ರು. ಎರಡನೇ ಸ್ಕ್ಯಾನ್‌ನಾಗ ಕಲಿ ಕರಗೈತಿ, ಎಲ್ಲಾ ಚಲೋ ಐತಿ ಅಂದ್ರು.

ಚಲೋ ಇಲ್ರಿ. ಮನಿಗೆ ಬಂದು ಇಪ್ಪತ್ತು ದಿನಕ್ಕ ಬಂಡಿ ಹಚ್ಚಿದ. ಬಾಣಲಿ ಎಣ್ಣಿ ಹೊಗಿ ಎದ್ದು, ಮಿರ್ಚಿ ಕರ್ರಗಾಗಿ ತೇಲಾಕ್ಹತ್ಯಾವ, ಅವ ಜಾಲರಿ ಸೌಟು ಹಿಡಕೊಂಡು ಹಂಗ ನಿಂತಾನ. ಸೀದ ವಾಸನಿ ಅವನಿಗೆ ಬಂದಿಲ್ಲ. ಬಳ್ಳೊಳ್ಳಿ ಹಿಚುಕಿ ಮೂಗಿಗೆ ಹಿಡದೆ, ಇಂಗಿನ ಡಬ್ಬಿ ಹಿಡದೆ. ಏನೂ ಗೊತ್ತಾಗವಲ್ದು ಅಕ್ಕಾ ಅಂದ. ಒಗ್ಗರಣಿ ಚುಂಯ್ ಅಂದ್ರ ದೂರ ನಿಂತು ಕರಿಬೇವು ಹೆಚ್ಚಾತು ಅಂತಿದ್ದವ ಅವ.

ಇನ್ನೊಂದು, ನೂರರ ನೋಟು ಕೊಟ್ಟವರಿಗೆ ಅರವತ್ತು ತಿರುಗಿ ಕೊಡಬೇಕಂದ್ರ ನೋಟು ಕೈಯಾಗ ಹಿಡದು ನಿಂತ್ಬಿಡ್ತಾನ. ಸಿಟ್ಟು ಬಾಳ. ಹೋದ ವಾರ ಮಗಳ ಮ್ಯಾಲ ಕೈ ಎತ್ತಿದ. ಆ ಕೂಸಿಗೆ ಒಂದು ದಿನ ಗದರಿಸಿದವನಲ್ಲ.

ಈಗ ಟ್ರ್ಯಾಕ್ಟರ್ ಮಾಲೀಕರು ಹಿರಿಯರನ್ನ ಕರ್ಕೊಂಡು ಬಂದಿದ್ರು. ಒಂದು ಲಕ್ಷ ಕೊಡ್ತೀವಿ, ಇನ್ನು ಯಾವ ಕೇಸೂ ಇಲ್ಲ ಅಂತ ಬಾಂಡ್ ಮ್ಯಾಲ ಸಹಿ ಹಾಕ್ರಿ ಅಂದ್ರು. ಸಾಲ ಆಗೈತಿ, ತಮ್ಮನ ಹೆಂಡ್ತಿ ಸಹಿ ಹಾಕೋಣು ಅಂತಾಳ. ಕೈಕಾಲು ಮುರದಿಲ್ಲ, ಸ್ಕ್ಯಾನ್ ಚಲೋ ಐತಿ. ಇದಕ್ಕ ಕೋರ್ಟಿನಾಗ ಪರಿಹಾರ ಸಿಗತೈತೇನ್ರಿ?

ಸಿರುಗುಪ್ಪ ರೈತ

ಅಕ್ಕ, ಬೇಜಾರಾಗಬೇಡಿ, ಒಂದು ಲಕ್ಷ ತಗೊಂಡು ಸುಮ್ಮನಾಗಿ. ನಮ್ಮ ಚಿಕ್ಕಪ್ಪಂದು ಇಂಥದ್ದೇ ಕೇಸು, ಆರು ವರ್ಷ ಓಡಾಡಿದ್ವಿ. ಪ್ರತಿ ವಾಯಿದೆಗೂ ಬಸ್ ಚಾರ್ಜು, ಕೂಲಿ ಬಿಟ್ಟು ಹೋಗೋದು. ಆ ಟ್ರ್ಯಾಕ್ಟರ್‌ನವನೂ ನಮ್ಮಂಗೆ ರೈತನೇ ಇರ್ತಾನೆ. ಅವನ ಮನೆ ಹಾಳಾದ್ರೆ ನಿಮಗೇನು ಬಂತು?

ವಾರ್ಡ್ ಸಿಸ್ಟರ್, ಬಳ್ಳಾರಿ

ಕಾರಟಗಿ ಅಕ್ಕ, ಸಹಿ ವಿಷಯ ವಕೀಲರು ಹೇಳ್ಲಿ. ನಾನು ತಲೆಪೆಟ್ಟಿನ ವಾರ್ಡಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡ್ತಾ ಇದೀನಿ. ನಿಮ್ಮ ತಮ್ಮಂಗೆ ಆಗಿರೋದು ನಿಮ್ಮ ಊಹೆ ಅಲ್ಲ, ಅವನ ನಾಟಕವೂ ಅಲ್ಲ.

ಮಿದುಳು ಬುರುಡೆಯೊಳಗೆ ನೀರಿನಂಥ ದ್ರವದಲ್ಲಿ ತೇಲ್ತಾ ಇರುತ್ತೆ. ಹಿಂದಲೆ ನೆಲಕ್ಕೆ ಬಡಿದ್ರೆ ಮಿದುಳು ಮುಂದಕ್ಕೆ ಚಿಮ್ಮಿ ಹಣೆ ಹಿಂದಿನ ಒರಟು ಮೂಳೆಗೆ ಉಜ್ಜುತ್ತೆ. ಅದಕ್ಕೇ ಬಿರುಕು ಹಿಂದೆ, ರಕ್ತದ ಕಲೆ ಮುಂದೆ. ಕಲೆಗೆ ಡಾಕ್ಟ್ರು ಕಂಟ್ಯೂಷನ್ ಅಂತಾರೆ. ವಾಸನೆಯ ನರಗಳು ಮೂಗಿನ ಮೇಲಿರೋ ಜರಡಿಯಂಥ ಮೂಳೆಯ ಸಣ್ಣ ತೂತುಗಳಿಂದ ಮಿದುಳಿಗೆ ಹೋಗ್ತವೆ, ಎಳೆ ದಾರಕ್ಕಿಂತ ಸಣ್ಣವು. ಮಿದುಳು ಸರಿದಾಗ ಹರಿದು ಹೋಗ್ತವೆ. ಮಾಮೂಲಿ ಸ್ಕ್ಯಾನಿನಲ್ಲಿ ಅದು ಕಾಣೋದೇ ಇಲ್ಲ. ಇನ್ನು ಸಿಟ್ಟು ತಡೆಯೋದು, ಲೆಕ್ಕ ಹಾಕೋದು, ಒಂದಾದ ಮೇಲೊಂದು ಕೆಲಸ ಜೋಡಿಸೋದು ಎಲ್ಲಾ ಮಿದುಳಿನ ಆ ಮುಂಭಾಗದ್ದೇ ಕೆಲಸ. ಕಲೆ ಕರಗ್ತು ಅಂದ್ರೆ ರಕ್ತ ಕರಗ್ತು ಅಂತ ಅಷ್ಟೇ. ಕೆಳಗಿನ ಮಿದುಳು ಮೊದಲಿನಂಗೇ ಆಯ್ತು ಅಂತ ಅರ್ಥ ಅಲ್ಲ.

ಬೇರೆಯವರಿಗೂ ಉಪಯೋಗ ಆಗ್ಲಿ ಅಂತ ಬರೀತೀನಿ. ಎಲ್ಲಾ ತಲೆಪೆಟ್ಟೂ ಒಂದೇ ಅಲ್ಲ. ಕನ್‌ಕಷನ್ ಅಂದ್ರೆ ಮಿದುಳು ಅಲುಗಿ ಸ್ವಲ್ಪ ಹೊತ್ತು ಮಂಕಾಗೋದು, ಸ್ಕ್ಯಾನ್ ನಾರ್ಮಲ್ ಇರುತ್ತೆ. ಬಹಳ ಜನ ಕೆಲವು ವಾರದಲ್ಲಿ ಸುಧಾರಿಸ್ತಾರೆ, ಕೆಲವರಿಗೆ ತಲೆನೋವು, ಮರೆವು ತಿಂಗಳುಗಟ್ಟಲೆ ಉಳಿಯುತ್ತೆ. ನನಗೆ ಜಾಸ್ತಿ ಭಯ ಇರೋದು ಎಕ್ಸ್‌ಟ್ರಾಡ್ಯೂರಲ್ ರಕ್ತಸ್ರಾವದ್ದು. ಕಿವಿ ಮೇಲಿನ ಮೂಳೆ ಮುರಿದು ಅಲ್ಲಿನ ರಕ್ತನಾಳ ಹರಿಯುತ್ತೆ. ಹುಡುಗ ಎದ್ದು ಕೂತು ಚಹಾ ಕುಡಿದು ಮಾತಾಡ್ತಾನೆ, ಮನೆಯವರು ಏನಾಗಿಲ್ಲ ಅಂತ ಕರ್ಕೊಂಡು ಹೋಗ್ತಾರೆ. ಒಳಗೆ ರಕ್ತ ತುಂಬ್ತಾ ಕೆಲವೇ ಗಂಟೇಲಿ ಪ್ರಜ್ಞೆ ತಪ್ತಾನೆ. ಹೊತ್ತಿಗೆ ಸರಿಯಾಗಿ ಆಪರೇಷನ್ ಆದ್ರೆ ಪೂರಾ ಬದುಕ್ತಾನೆ, ತಡ ಆದ್ರೆ ಇಲ್ಲ. ಸಬ್‌ಡ್ಯೂರಲ್ ಬೇರೆ. ಮುದುಕರಲ್ಲಿ ಸಣ್ಣ ಪೆಟ್ಟಿಗೂ ನಿಧಾನಕ್ಕೆ ಸೋರಿ, ವಾರಗಳು ಕಳೆದ ಮೇಲೆ ಕಾಲು ಎಳೆಯೋದು, ಮಾತು ತೊದಲೋದು ಶುರುವಾಗುತ್ತೆ. ಇನ್ನೊಂದು ಡಿಫ್ಯೂಸ್ ಆಕ್ಸೋನಲ್ ಗಾಯ. ವೇಗದಲ್ಲಿ ತಲೆ ತಿರುಚಿದಾಗ ನರದ ಎಳೆಗಳು ಎಲ್ಲೆಲ್ಲೋ ಹರಿದು ಹೋಗ್ತವೆ. ಸಿಟಿ ಸ್ಕ್ಯಾನ್ ಹೆಚ್ಚೂಕಮ್ಮಿ ಸ್ವಚ್ಛ ಇರುತ್ತೆ, ಮನುಷ್ಯ ಕೋಮಾದಲ್ಲಿರ್ತಾನೆ. ಅದು ಎಂಆರ್‌ಐನಲ್ಲಿ ಚೆನ್ನಾಗಿ ಕಾಣುತ್ತೆ.

ಕೇಸ್ ಶೀಟಿನಲ್ಲಿ ಜಿಸಿಎಸ್ ಅಂತ ಒಂದು ಅಂಕ ಇರುತ್ತೆ. ಕಣ್ಣು ತೆರೆಯೋದು, ಮಾತು, ಕೈಕಾಲು ಆಡಿಸೋದು ನೋಡಿ 3ರಿಂದ 15ರೊಳಗೆ ಕೊಡ್ತೀವಿ. 13ರಿಂದ 15 ಸಣ್ಣದು, 9ರಿಂದ 12 ಮಧ್ಯಮ, 8 ಅಥವಾ ಅದಕ್ಕಿಂತ ಕಡಿಮೆ ತೀವ್ರ. ನಿಮ್ಮ ತಮ್ಮಂದು ಮೊದಲ ದಿನ ಎಷ್ಟಿತ್ತು ಅಂತ ನೋಡಿ, ಆ ಹಾಳೆ ಬೇಕೇ ಬೇಕು. ಇನ್ನೊಂದು ಮಾತು, ಇವತ್ತೇ ಮಾಡಿ. ಅವನನ್ನ ಒಬ್ಬನ್ನೇ ಗ್ಯಾಸ್ ಹತ್ರ ಬಿಡಬೇಡಿ. ಗ್ಯಾಸ್ ಸೋರಿದ್ರೆ ಅವನಿಗೆ ತಿಳಿಯಲ್ಲ.

ಕಾರಟಗಿ ಅಕ್ಕ

ಸಿಸ್ಟರ್, ಓದಿ ಅತ್ತೆ. ನಾಕು ತಿಂಗಳಿಂದ ಅವನಿಗೆ ಸೊಕ್ಕು ಬಂದೈತಿ ಅಂತ ನಾವ ಬೈದೇವಿ. ಗ್ಯಾಸಿನ ಕೆಲಸ ಇವತ್ತಿಂದ ತಮ್ಮನ ಹೆಂಡ್ತಿ ನೋಡ್ತಾಳ. ಹಾಳಿ ಹುಡುಕಿದೆ, ಜಿಸಿಎಸ್ 12 ಅಂತ ಬರದೈತಿ.

ಎಂವಿಸಿ ವಕೀಲ, ಕೊಪ್ಪಳ

ಅಕ್ಕಾ, ನಾನು ಎಂವಿಸಿ, ಅಂದರೆ ಮೋಟಾರು ವಾಹನ ಪರಿಹಾರದ ಕೇಸು ನಡೆಸುವವನು. ಬಾಂಡಿಗೆ ಸಹಿ ಹಾಕಬೇಡಿ. ನಿಮ್ಮ ತಮ್ಮನ ಗಾಯ ಎಷ್ಟು ದೊಡ್ಡದು ಅಂತ ಯಾರೂ ಇನ್ನೂ ಅಳೆದೇ ಇಲ್ಲ. ಅಳೆಯುವ ಮೊದಲೇ ಬೆಲೆ ಕಟ್ಟಿಸಿಕೊಳ್ಳಬಾರದು.

ಮೊದಲು ದಿನಾಂಕ. ಮೋಟಾರು ವಾಹನ ಕಾಯ್ದೆಯ 166(3)ನೇ ಕಲಮಿನ ಪ್ರಕಾರ ಅಪಘಾತವಾದ ಆರು ತಿಂಗಳೊಳಗೆ ಪರಿಹಾರದ ಅರ್ಜಿ ಹಾಕಬೇಕು. 2022ರ ಏಪ್ರಿಲ್ 1ರಿಂದ ಈ ಮಿತಿ ಬಂದಿದೆ. ಅದು ಸರಿಯೇ ಅನ್ನುವ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. ಹಾಗಾಗಿ ಆರು ತಿಂಗಳು ದಾಟಿದವರು ಈ ಚರ್ಚೆ ಓದುತ್ತಿದ್ದರೆ ಕೈಚೆಲ್ಲದೆ ವಕೀಲರನ್ನು ಕಾಣಿ. ಆದರೆ ನಿಮಗೆ ಇನ್ನೂ ಎರಡು ತಿಂಗಳಿದೆ, ಆ ಜಗಳಕ್ಕೆ ಯಾಕೆ ಬೀಳಬೇಕು? ಅರ್ಜಿಯನ್ನು ಅಪಘಾತವಾದ ಊರಿನಲ್ಲೋ, ನೀವು ವಾಸವಿರುವ ಊರಿನಲ್ಲೋ ಹಾಕಬಹುದು. ಗಂಗಾವತಿಯಲ್ಲೇ ಆಗುತ್ತದೆ.

ಸಿರುಗುಪ್ಪದ ಅಣ್ಣನವರ ಮಾತಿಗೆ ಒಂದು ಉತ್ತರ. ವಿಮೆ ಚಾಲ್ತಿಯಲ್ಲಿದ್ದರೆ ಹಣ ಕೊಡುವುದು ವಿಮಾ ಕಂಪನಿ, ರೈತನ ಮನೆ ಹಾಳಾಗುವುದಿಲ್ಲ. ಮಾಲೀಕರು ತಾವಾಗಿ ದುಡ್ಡು ಹಿಡಿದು ಮನೆಗೆ ಬಂದರೆ ನನಗೆ ಮೊದಲು ಬರುವ ಅನುಮಾನ ವಿಮೆಯದ್ದೇ. ಪಾಲಿಸಿ ಮುಗಿದಿರಬಹುದು, ಚಾಲಕನಿಗೆ ಲೈಸೆನ್ಸ್ ಇಲ್ಲದಿರಬಹುದು, ಟ್ರ್ಯಾಕ್ಟರ್‌ಗೆ ವಿಮೆ ಇದ್ದು ಟ್ರೇಲರ್‌ಗೆ ಇಲ್ಲದಿರಬಹುದು, ಕೃಷಿಗೆಂದು ವಿಮೆ ಮಾಡಿಸಿ ಬಾಡಿಗೆಗೆ ಹೊಡೆಯುತ್ತಿರಬಹುದು. ಇಂಥ ಷರತ್ತು ಮುರಿದ ಪ್ರಕರಣಗಳಲ್ಲಿ, ರಸ್ತೆಯ ಮೇಲಿನ ಮೂರನೆಯವರಿಗೆ, ಅಂದರೆ ನಿಮ್ಮ ತಮ್ಮನಂಥವರಿಗೆ, ಕಂಪನಿಯೇ ಮೊದಲು ಕೊಟ್ಟು ಆಮೇಲೆ ಮಾಲೀಕರಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಹೇಳಿದ್ದುಂಟು. ಆದರೆ ಟ್ರೇಲರ್ ಮೇಲೆ ಕೂತು ಹೊರಟ ಕೂಲಿಯವರ ಕತೆ ಬೇರೆ. ಸರಕಿನ ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡವರಿಗೆ ವಿಮೆ ಅನ್ವಯಿಸದು ಎಂದು 2002ರಲ್ಲೇ ಆಶಾರಾಣಿ ಪ್ರಕರಣದಲ್ಲಿ ತೀರ್ಪಾಗಿದೆ. ನಾಟಿ, ಕೊಯ್ಲಿಗೆ ಹೆಣ್ಣುಮಕ್ಕಳನ್ನು ಟ್ರೇಲರ್‌ನಲ್ಲಿ ತುಂಬಿಕೊಂಡು ಹೋಗುವುದನ್ನು ನೋಡಿದಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಕೈಕಾಲು ಮುರಿದಿಲ್ಲ, ಪರಿಹಾರ ಸಿಗುತ್ತದೆಯೇ? ಸಿಗುತ್ತದೆ. ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ನಮ್ಮಲ್ಲಿ ದಿನಾ ಓದುತ್ತೇವೆ. ಡಾಕ್ಟರು ಹೇಳುವ ದೇಹದ ಊನದ ಶೇಕಡಾವಾರು ಬೇರೆ, ದುಡಿಮೆಯ ಶಕ್ತಿ ಎಷ್ಟು ಹೋಯಿತು ಅನ್ನುವುದು ಬೇರೆ. ಎಡಗೈ ಹೋದರೆ ಚಾಲಕನಿಗೋ ಬಡಗಿಗೋ ದುಡಿಮೆ ಪೂರ್ತಿ ನಿಂತಂತೆ, ಸರ್ಕಾರಿ ಗುಮಾಸ್ತನಿಗೆ ನೌಕರಿ ಉಳಿಯಬಹುದು. ಹಾಗೆಯೇ ವಾಸನೆ ಹೋದರೆ ನನ್ನಂಥ ವಕೀಲನಿಗೆ ಸಂಬಳ ಕಡಿಮೆಯಾಗದು. ಮಿರ್ಚಿ ಕರಿಯುವವನಿಗೆ ಅದೇ ಕಸುಬು.

ಲೆಕ್ಕ ಹೀಗಿರುತ್ತದೆ, ಉದಾಹರಣೆ ಮಾತ್ರ. ತಿಂಗಳಿಗೆ 15,000 ದುಡಿಮೆ ಅಂತ ಕೋರ್ಟು ಒಪ್ಪಿತು ಅನ್ನಿ. ವರ್ಷಕ್ಕೆ 1,80,000. 2009ರ ಸರಳಾ ವರ್ಮಾ ತೀರ್ಪಿನಂತೆ 31ರಿಂದ 35 ವಯಸ್ಸಿನವರಿಗೆ ಗುಣಕ (ವರ್ಷದ ದುಡಿಮೆಯನ್ನು ಗುಣಿಸುವ ಸಂಖ್ಯೆ) 16, ಅಲ್ಲಿಗೆ 28,80,000. ದುಡಿಮೆಯ ಶಕ್ತಿ ಶೇ 15ರಷ್ಟು ಹೋಯಿತು ಅಂದರೆ 4,32,000. ಶೇ 40 ಅಂದರೆ 11,52,000. ನಲವತ್ತರೊಳಗಿನ ಸ್ವಂತ ದುಡಿಮೆಯವರಿಗೆ ಮುಂದೆ ಬೆಳೆಯುವ ಆದಾಯವೆಂದು ಶೇ 40 ಸೇರಿಸಬೇಕೆಂದು 2017ರ ಪ್ರಣಯ್ ಸೇಠಿ ತೀರ್ಪಿದೆ, ಶಾಶ್ವತ ಊನದ ಪ್ರಕರಣಗಳಿಗೂ ಅದನ್ನು ಅನ್ವಯಿಸಿದ್ದಾರೆ. ಆಗ ಶೇ 40ರ ಲೆಕ್ಕ 16,12,800 ಆಗುತ್ತದೆ. ಆಸ್ಪತ್ರೆ ಖರ್ಚು, ನೋವು, ಮುಂದಿನ ಚಿಕಿತ್ಸೆ ಇದರ ಮೇಲೆ. ಇಡೀ ಕೇಸು ನಿಂತಿರುವುದು ಆ ಶೇಕಡಾವಾರಿನ ಮೇಲೆ, ಅದು ನಿಂತಿರುವುದು ಸಾಕ್ಷ್ಯದ ಮೇಲೆ. ಸ್ಕ್ಯಾನ್ ಚಿತ್ರ ಒಂದರಿಂದ ಅದು ಬರುವುದಿಲ್ಲ.

ಅದಕ್ಕೇ ಈಗಲೇ ಮಾಡಬೇಕಾದ್ದು ಎರಡು. ಇಎನ್‌ಟಿ ಡಾಕ್ಟರ ಹತ್ತಿರ ವಾಸನೆಯ ಪರೀಕ್ಷೆ ಮಾಡಿಸಿ ಬರೆಸಿಕೊಳ್ಳಿ. ಧಾರವಾಡದ ಡಿಮ್ಹಾನ್ಸ್‌ನಲ್ಲೋ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೋ ನೆನಪು, ಗಮನ, ಲೆಕ್ಕ, ಯೋಜನೆ ಅಳೆಯುವ ನ್ಯೂರೋಸೈಕಾಲಜಿ ಪರೀಕ್ಷೆಯ ಬಗ್ಗೆ ಕೇಳಿ. ಗಂಟೆಗಟ್ಟಲೆ ಹಿಡಿಯುತ್ತದೆ, ಬೇಸರ ಪಡಬೇಡಿ.

ಕಾರಟಗಿ ಅಕ್ಕ

ಸರ್, ಒಂದು ತೊಡಕೈತಿ. ಎಫ್‌ಐಆರ್‌ನಾಗ ತಮ್ಮ ತಾನ ಹಿಂದಿಂದ ಬಂದು, ನಿಂತಿದ್ದ ಟ್ರ್ಯಾಕ್ಟರ್‌ಗೆ ಗುದ್ದಿದ ಅಂತ ಬರದಾರ. ಅವತ್ತು ನಾವೆಲ್ಲ ಆಸ್ಪತ್ರ್ಯಾಗಿದ್ವಿ, ಬರಿಸಿದವರು ಯಾರೋ.

ಎಂವಿಸಿ ವಕೀಲ, ಕೊಪ್ಪಳ

ಇದು ತೊಡಕೇ. ಆದರೆ ಬಾಗಿಲು ಮುಚ್ಚುವುದಿಲ್ಲ. ರಾತ್ರಿ ಹೊತ್ತು ದೀಪವಿಲ್ಲದೆ ರಸ್ತೆಯ ಮೇಲೆ ವಾಹನ ಬಿಡುವುದು 122ನೇ ಕಲಮಿನಡಿ ತಪ್ಪು. ನಿಮ್ಮ ತಮ್ಮನದೂ ಸ್ವಲ್ಪ ಅಜಾಗರೂಕತೆ ಅಂತ ಕೋರ್ಟಿಗೆ ಅನಿಸಿದರೆ ಅಷ್ಟು ಪಾಲು ಕಡಿತವಾಗುತ್ತದೆ, ಉಳಿದದ್ದು ಬರುತ್ತದೆ. ಸ್ಥಳ ಪಂಚನಾಮೆ, ನಕ್ಷೆ, ವಾಹನ ತಪಾಸಣೆಯ ವರದಿ ತೆಗೆಸಿ. ಟ್ರೇಲರ್‌ನ ಹಿಂದಿನ ದೀಪದ ಬಗ್ಗೆ ಆ ವರದಿಯಲ್ಲಿ ಒಂದು ಸಾಲಿದ್ದರೂ ಅದು ಚಿನ್ನ. ಆ ರಾತ್ರಿ ಯಾರಾದರೂ ಮೊಬೈಲಿನಲ್ಲಿ ಫೋಟೋ ತೆಗೆದಿದ್ದರೆ ಹುಡುಕಿ. ಹೆಲ್ಮೆಟ್ ಪಟ್ಟಿಯ ಮಾತನ್ನೂ ಕಂಪನಿ ಎತ್ತುತ್ತದೆ, ಸುಳ್ಳು ಹೇಳಬೇಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ.

ತಪ್ಪು ಯಾರದ್ದೆಂದು ಸಾಬೀತು ಮಾಡದೆಯೇ 164ನೇ ಕಲಮಿನಡಿ ತೀವ್ರ ಗಾಯಕ್ಕೆ 2.5 ಲಕ್ಷ, ಸಾವಿಗೆ 5 ಲಕ್ಷ ಕೇಳುವ ದಾರಿಯೂ ಇದೆ. ಅದನ್ನು ಒಪ್ಪಿಕೊಂಡರೆ 166ರ ಅರ್ಜಿ ಬಿದ್ದುಹೋಗುತ್ತದೆ. ನಿಮ್ಮ ಮಟ್ಟಿಗೆ ಅದು ಕೊನೆಯ ಆಯ್ಕೆಯಾಗಿರಲಿ. ಮಾಲೀಕರು ಕೊಡಲು ಬಂದದ್ದು ಅದಕ್ಕಿಂತಲೂ ಕಡಿಮೆ, ನೋಡಿ.

ಸಿಂಧನೂರಿನ ತಾಯಿ

ಅಕ್ಕಾರ, ನಾನು ವಕೀಲಳಲ್ಲ, ನರ್ಸಲ್ಲ. ನನ್ನ ಮಗಳಿಗೆ ಒಂಬತ್ತು ವರ್ಷ ಇದ್ದಾಗ ಟಂಟಂ ಪಲ್ಟಿ ಆಗಿ ತಲಿಗಿ ಪೆಟ್ಟಾತು. ಈಗ ಹದಿನಾಲ್ಕು. ಕೇಸು ಮುಗದದ. ನನಗೆ ತಿಳದದ್ದು ಹೇಳ್ತೀನಿ.

ಕೋರ್ಟಿನ್ಯಾಗ ಕಂಪನಿ ವಕೀಲ್ರು ನನ್ನ ಕೇಳಿದ್ರು, ಹುಡುಗಿ ಸಾಲಿಗಿ ಹೋಗ್ತಾಳಲ್ಲ, ನಡೀತಾಳ, ಮಾತಾಡ್ತಾಳ, ಏನು ತೊಂದರಿ ಅದ? ಆವಾಗ ನಾ ನೋಟ್‌ಬುಕ್ ತಗದೆ. ಡಿಸ್ಚಾರ್ಜ್ ಆದ ಮರುವಾರದಿಂದ ಬರದಿಟ್ಟಿದ್ದೆ. ಯಾರೂ ಹೇಳಿರಲಿಲ್ಲ, ಡಾಕ್ಟರಿಗೆ ಹೇಳಾಕ ಮರೀತೀನಿ ಅಂತ ಬರ್ಕೊಂಡಿದ್ದೆ. "ಇವತ್ತು ಚಪ್ಪಲಿ ಒಂದೇ ಕಾಲಿಗಿ ಹಾಕ್ಕೊಂಡು ಸಾಲಿಗಿ ಹೋದಳು." "ಏಳರ ಮಗ್ಗಿ ಬರ್ತಿತ್ತು, ಇವತ್ತು ಮೂರರ ಮಗ್ಗಿ ನಡುವ ನಿಂತಳು." "ಅಜ್ಜಿ ಸತ್ತದ್ದು ಮರತು ಅಜ್ಜಿ ಎಲ್ಲಿ ಅಂತ ಕೇಳಿದಳು, ಎರಡನೇ ಸಲ." ತಾರೀಖು ಹಾಕಿ ಬರದಿದ್ದೆ. ಜಡ್ಜ್ ಸಾಹೇಬ್ರು ಸುಮ್ಮನ ಕೂತು ಕೇಳಿಸಿಕೊಂಡ್ರು. ಸಾಲಿ ಮಾಸ್ತರ್ರು ಬಂದು ಪೆಟ್ಟಾಗೋಕಿಂತ ಮೊದಲಿನ, ಆಮ್ಯಾಲಿನ ಅಂಕಪಟ್ಟಿ ಎರಡೂ ಕೊಟ್ಟರು. ನೀವೂ ಇವತ್ತೇ ಬರಿಯಾಕ ಶುರು ಮಾಡ್ರಿ. ತಮ್ಮನ ಬಂಡಿಗಿ ದಿನಾ ಬರೋ ಗಿರಾಕಿ ಒಬ್ಬರಾರ ಸಾಕ್ಷಿ ಹೇಳಾಕ ಬರ್ತಾರೇನು ಕೇಳ್ರಿ.

ಎಂವಿಸಿ ವಕೀಲ, ಕೊಪ್ಪಳ

ತಾಯಿಯವರು ಬರೆದದ್ದು ನಾನು ಬರೆದದ್ದಕ್ಕಿಂತ ಮುಖ್ಯ. 2020ರಲ್ಲಿ ಕಾಜಲ್ ವಿರುದ್ಧ ಜಗದೀಶ್ ಚಂದ್ ಅನ್ನುವ ಪ್ರಕರಣ ತೀರ್ಮಾನವಾಯಿತು. ಹನ್ನೆರಡು ವರ್ಷದ ಹುಡುಗಿ, ಮಿದುಳಿಗೆ ತೀವ್ರ ಪೆಟ್ಟು, ಬದುಕಿಡೀ ಮಗ್ಗುಲಲ್ಲಿ ಒಬ್ಬರು ಇರಲೇಬೇಕಾದ ಸ್ಥಿತಿ. ನ್ಯಾಯಮಂಡಳಿ 11 ಲಕ್ಷ ಚಿಲ್ಲರೆ ಕೊಟ್ಟಿತ್ತು, ಹೈಕೋರ್ಟ್ 25 ಲಕ್ಷ ದಾಟಿಸಿತು, ಸುಪ್ರೀಂ ಕೋರ್ಟ್ 62 ಲಕ್ಷಕ್ಕೆ ಏರಿಸಿತು. ನೋಡಿಕೊಳ್ಳುವವರ ಖರ್ಚನ್ನು ಒಂದು ಇಡಿಗಂಟಿನಲ್ಲಿ ಮುಗಿಸದೆ ಗುಣಕ ಹಾಕಿ ಲೆಕ್ಕ ಕಟ್ಟಿದರು. ಮನೆಯ ಹೆಂಗಸರು ಪುಕ್ಕಟೆಯಾಗಿ ಮಾಡುವ ಆರೈಕೆಗೂ ಬೆಲೆಯಿದೆ ಅಂತ ಕೇಳಲು ಇಂಥ ತೀರ್ಪು ನಮಗೆ ಬಲ.

ಅಂದಹಾಗೆ ಮೇಲ್ಮನವಿಗೆ ಕೊಪ್ಪಳ, ಬಳ್ಳಾರಿಯವರು ಧಾರವಾಡ ಪೀಠಕ್ಕೆ, ರಾಯಚೂರಿನವರು ಕಲಬುರಗಿ ಪೀಠಕ್ಕೆ ಹೋಗಬೇಕು. ತೀರ್ಪಿನಿಂದ 90 ದಿನ.

ತೋರಣಗಲ್ಲು ಬಿ ಶಿಫ್ಟ್

ರಸ್ತೆ ಅಪಘಾತದ ಬಗ್ಗೇನೇ ಎಲ್ರೂ ಬರೀತಿದೀರಿ. ನಮ್ಮ ಕಡೆ ಕಾರ್ಖಾನೆಗಳಲ್ಲಿ ಆಗೋದನ್ನೂ ಕೇಳಿ. ನನ್ನ ಜೊತೆಗಾರ, 30 ವರ್ಷ, ಗುತ್ತಿಗೆದಾರನ ಕೈಕೆಳಗೆ. ಸಾರವೆ ಮೇಲಿಂದ ಬಿದ್ದ. ಹೆಲ್ಮೆಟ್ ಇತ್ತು, ಬುರುಡೆ ಒಡೆದಿರ್ಲಿಲ್ಲ, ಸಿಟಿ ಸ್ಕ್ಯಾನಲ್ಲಿ ಹೆಚ್ಚೇನೂ ಇಲ್ಲ ಅಂದ್ರು, ಆದ್ರೆ ಹತ್ತೊಂಬತ್ತು ದಿನ ಕಣ್ಣು ಬಿಡ್ಲಿಲ್ಲ. ಮೇಲೆ ಸಿಸ್ಟರ್ ಬರೆದಿರೋ ನರದ ಎಳೆ ಹರಿಯೋ ಗಾಯ ಅದು ಅಂತ ಎಂಆರ್‌ಐ ಮೇಲೆ ಗೊತ್ತಾಯ್ತು. ಈಗ ನಡೀತಾನೆ, ಅಂಗಿ ಗುಂಡಿ ಹಾಕ್ಕೊಳ್ಳೋಕೆ ಕಾಲು ಗಂಟೆ ಬೇಕು.

ಗುತ್ತಿಗೆದಾರ ಐವತ್ತು ಸಾವಿರ ಕೊಟ್ಟು ಕೈ ತೊಳ್ಕೊಳ್ಳೋಕೆ ನೋಡಿದ. ನಾವು ಕಾರ್ಮಿಕ ಸಂಘದವರನ್ನ ಕೇಳಿ ಆಗ ಇದ್ದ 1923ರ ನೌಕರರ ಪರಿಹಾರ ಕಾಯ್ದೆ ಕೆಳಗೆ ಹೋದ್ವಿ, 2025ರ ನವೆಂಬರಿಂದ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದೈತೆ. ಆ ಹಳೇ ಕಾಯ್ದೇಲಿ ತಪ್ಪು ಯಾರದ್ದು ಅಂತ ರಸ್ತೆ ಕೇಸಿನಂಗೆ ಸಾಬೀತು ಮಾಡಬೇಕಿರ್ಲಿಲ್ಲ, ಕೆಲಸದಲ್ಲಿ, ಕೆಲಸದಿಂದ ಆಗಿರಬೇಕು ಅಷ್ಟೇ. ಗುತ್ತಿಗೆದಾರ ಓಡಿಹೋದ್ರೂ ಮೂಲ ಮಾಲೀಕನನ್ನ ಕೇಳಬಹುದಿತ್ತು, ಅದರ 12ನೇ ಕಲಂ. ಪೂರ್ತಿ ದುಡಿಮೆ ಹೋದ್ರೆ ಕೂಲಿಯ ಶೇ 60ನ್ನ ವಯಸ್ಸಿನ ಅಂಶದಿಂದ ಗುಣಿಸ್ತಾರೆ. ಕೂಲಿ ತಿಂಗಳಿಗೆ 15,000ದವರೆಗೆ ಮಾತ್ರ ಲೆಕ್ಕಕ್ಕೆ ಅಂತ 2020ರಲ್ಲಿ ಮಾಡಿದಾರೆ. 30 ವರ್ಷಕ್ಕೆ ಅಂಶ 207.98, ಅಂದ್ರೆ 9,000 ಇಂಟು 207.98, ಒಟ್ಟು 18,71,820. ಬೆರಳು, ಕಣ್ಣಿಗೆ ಕಾಯ್ದೇಲಿ ಪಟ್ಟಿ ಐತೆ, ಮಿದುಳಿಗೆ ಇಲ್ಲ. ಡಾಕ್ಟ್ರು ದುಡಿಮೆ ಎಷ್ಟು ಹೋಯ್ತು ಅಂತ ಬರೆದುಕೊಡಬೇಕು. ಅಲ್ಲೂ ಅದೇ ಪರೀಕ್ಷೆ, ಅದೇ ಸಾಕ್ಷಿ. ಅರ್ಜಿಗೆ ಎರಡು ವರ್ಷ ಟೈಮ್ ಐತೆ. ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದವರಿಗೆ ಮಾತ್ರ ಈ ದಾರಿ ಇಲ್ಲ, ಅವರು ಇಎಸ್‌ಐನಲ್ಲೇ ಊನದ ಮಾಸಿಕ ಹಣ ಕೇಳಬೇಕು.

ಮಸ್ಕಿ ಮೇಷ್ಟ್ರು

ನಮ್ಮ ತಂದೆಯವರದ್ದು ಸಬ್‌ಡ್ಯೂರಲ್. 68 ವರ್ಷ. ಬೈಕಿನವನೊಬ್ಬ ತಾಗಿಸಿ ನಿಲ್ಲದೆ ಹೋದ. ಹಣೆಗೆ ತರಚು ಗಾಯ, ಆರೋಗ್ಯ ಕೇಂದ್ರದಲ್ಲಿ ಔಷಧ ಹಚ್ಚಿಸಿಕೊಂಡು ಮನೆಗೆ ಬಂದರು. ಇಪ್ಪತ್ನಾಲ್ಕನೇ ದಿನ ಊಟಕ್ಕೆ ಕೂತಾಗ ಬಲಗೈಯಿಂದ ರೊಟ್ಟಿ ಜಾರಿತು. ಮತ್ತೆ ಎತ್ತಿಕೊಂಡರು, ಮತ್ತೆ ಜಾರಿತು. ಆಪರೇಷನ್ ಆಗಿ ಈಗ ಆರಾಮಾಗಿದ್ದಾರೆ.

ಗಾಡಿ ಯಾವುದೆಂದು ಗೊತ್ತಾಗಲೇ ಇಲ್ಲ. ಅಂಥ ಪ್ರಕರಣಕ್ಕೆ 161ನೇ ಕಲಮಿನಡಿ ಸರ್ಕಾರದ ಪರಿಹಾರವಿದೆ, ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ. ತಹಶೀಲ್ದಾರರ ಮಟ್ಟದಲ್ಲಿ ವಿಚಾರಣೆ, ಮಂಜೂರು ಮಾಡುವವರು ಜಿಲ್ಲಾಧಿಕಾರಿ. ನಮಗೆ ಬಂದ ತೊಂದರೆ ಎಂದರೆ, 24 ದಿನದ ನಂತರದ ರಕ್ತಸ್ರಾವ ಆ ದಿನದ ಪೆಟ್ಟಿನದ್ದೇ ಅನ್ನುವುದಕ್ಕೆ ಏನು ದಾಖಲೆ ಎಂದು ಕೇಳಿದರು. ಆರೋಗ್ಯ ಕೇಂದ್ರದ ಹೊರರೋಗಿ ಚೀಟಿಯನ್ನು ತಾಯಿಯವರು ಪಡಿತರ ಚೀಟಿಯ ಒಳಗೆ ಮಡಿಸಿಟ್ಟಿದ್ದರು. ಅದರಲ್ಲಿ ದಿನಾಂಕ ಸಹಿತ "ಹಣೆಗೆ ಪೆಟ್ಟು, ರಸ್ತೆ ಅಪಘಾತ" ಎಂದಿತ್ತು. ಅದೊಂದು ಚೀಟಿಯಿಂದ ಅರ್ಜಿ ನಿಂತಿತು. ತಲೆಗೆ ಎಷ್ಟೇ ಸಣ್ಣ ಪೆಟ್ಟು ಬೀಳಲಿ, ಅದೇ ದಿನ ಎಂಎಲ್‌ಸಿ, ಅಂದರೆ ಪೊಲೀಸರಿಗೂ ತಿಳಿಸುವ ಆಸ್ಪತ್ರೆಯ ದಾಖಲೆ, ಮಾಡಿಸಿ.

ಸಿರುಗುಪ್ಪ ರೈತ

ವಕೀಲರೇ, ನಾನು ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಚಿಕ್ಕಪ್ಪನ ಕೇಸಲ್ಲಿ ಬಂದ ದುಡ್ಡಲ್ಲಿ ಮೂರನೇ ಒಂದು ಪಾಲು ವಕೀಲರೇ ಇಟ್ಕೊಂಡ್ರು. ಆಸ್ಪತ್ರೆ ಗೇಟಲ್ಲೇ ಒಬ್ಬ ಬಂದು ವಕಾಲತ್ತಿಗೆ ಸಹಿ ಮಾಡಿಸ್ಕೊಂಡಿದ್ದ. ಆಗ ಚಿಕ್ಕಪ್ಪನಿಗೆ ಸರಿಯಾಗಿ ಎಚ್ಚರಾನೂ ಇರ್ಲಿಲ್ಲ. ಅದಕ್ಕೇ ನನಗೆ ಕೋರ್ಟ್ ಅಂದ್ರೆ ಹೆದರಿಕೆ.

ಎಂವಿಸಿ ವಕೀಲ, ಕೊಪ್ಪಳ

ಅಣ್ಣಾವ್ರೇ, ನಿಮ್ಮ ಹೆದರಿಕೆಗೆ ಕಾರಣವಿದೆ, ಒಪ್ಪುತ್ತೇನೆ. ಬಂದ ಪರಿಹಾರದಲ್ಲಿ ಇಷ್ಟು ಪಾಲು ಎಂದು ವಕೀಲರು ಒಪ್ಪಂದ ಮಾಡಿಕೊಳ್ಳುವುದು ಬಾರ್ ಕೌನ್ಸಿಲ್ ನಿಯಮಕ್ಕೆ ವಿರುದ್ಧ. ಶುಲ್ಕ ಎಷ್ಟೆಂದು ಮೊದಲೇ ಕೇಳಿ, ಕೊಟ್ಟದ್ದಕ್ಕೆ ರಸೀದಿ ಕೇಳಿ. ಪರಿಹಾರದ ಹಣ ಗಾಯಾಳುವಿನ ಬ್ಯಾಂಕ್ ಖಾತೆಗೇ ಬೀಳಬೇಕು. ಖಾಲಿ ಚೆಕ್ಕಿಗೆ ಸಹಿ ಹಾಕಿ ಯಾರ ಕೈಗೂ ಕೊಡಬೇಡಿ. ಹಣದ ಒಂದು ಭಾಗವನ್ನು ಠೇವಣಿ ಇಡಿ ಎಂದು ಕೋರ್ಟೇ ಆದೇಶಿಸುವುದುಂಟು, ತಲೆಪೆಟ್ಟಿನವರಿಗೆ ಅದು ಒಳ್ಳೆಯದೇ.

ದುಡ್ಡಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಸಹಾಯವಾಣಿ 15100.

ಕಾರಟಗಿ ಅಕ್ಕಾ, ದುಡಿಮೆಯ ಪುರಾವೆ ಕೇಳುತ್ತಾರೆ. ಬಂಡಿಗೆ ಫೋನ್‌ಪೇ ಸ್ಕ್ಯಾನರ್ ಇದ್ದರೆ ಅಪಘಾತಕ್ಕೆ ಮೊದಲಿನ ಒಂದು ವರ್ಷದ ವಿವರ ತೆಗೆಸಿ. ಪುರಸಭೆಯ ಬೀದಿ ವ್ಯಾಪಾರಿ ಗುರುತಿನ ಚೀಟಿ, ಸ್ವನಿಧಿ ಸಾಲದ ಕಾಗದ ಇದ್ದರೆ ಇಡಿ.

ವಾರ್ಡ್ ಸಿಸ್ಟರ್, ಬಳ್ಳಾರಿ

ಒಂದು ಸೇರಿಸ್ತೀನಿ. ಈಗ ಹೊಸದಾಗಿ ಪೆಟ್ಟಾದವರಿಗೆ 2025ರ ಮೇ ತಿಂಗಳಿಂದ ನಗದುರಹಿತ ಚಿಕಿತ್ಸೆ ಯೋಜನೆ ಬಂದೈತೆ. ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನದವರೆಗೆ, ಒಂದೂವರೆ ಲಕ್ಷದವರೆಗೆ. ದುಡ್ಡು ಹೊಂದಿಸೋಕೆ ಅಂತ ಊರಿಗೆ ವಾಪಸ್ ಹೋಗಿ ಹೊತ್ತು ಕಳೀಬೇಡಿ. ಮತ್ತೆ, ತಲೆಗೆ ಪೆಟ್ಟಾದವರು ಪದೇಪದೇ ವಾಂತಿ ಮಾಡಿದ್ರೆ, ಎಬ್ಬಿಸಿದ್ರೆ ಏಳದೇ ಇದ್ರೆ, ಮೂಗು ಕಿವಿಯಿಂದ ನೀರಿನಂಥದ್ದು ಸೋರಿದ್ರೆ, ಒಂದು ಕಣ್ಣಿನ ಪಾಪೆ ದೊಡ್ಡದಾದ್ರೆ ಬೆಳಗಾಗ್ಲಿ ಅಂತ ಕಾಯಬೇಡಿ.

ಕಾರಟಗಿ ಅಕ್ಕ

ಏಳು ವಾರ ಆತು, ಏನಾತು ಅಂತ ಹೇಳಾಕ ಬಂದೀನಿ.

ಬಾಂಡಿಗೆ ಸಹಿ ಹಾಕಲಿಲ್ಲ. ತಮ್ಮನ ಹೆಂಡ್ತಿಗೆ ಇಲ್ಲಿ ಬರದಿದ್ದೆಲ್ಲ ಓದಿ ಹೇಳಿದೆ, ಸಿಂಧನೂರಿನ ಅಕ್ಕಾರು ಬರದಿದ್ದನ್ನ ಎರಡು ಸಲ ಓದಿಸಿಕೊಂಡ್ಲು. ಧಾರವಾಡಕ್ಕ ಮೂರು ಸಲ ಹೋಗಿ ಬಂದ್ವಿ. ಪರೀಕ್ಷಿ ಮಾಡಿದ ಮೇಡಂ ಬಾಳ ಸಮಾಧಾನದವರು. ಗಮನ, ಲೆಕ್ಕ, ಯೋಜನಿ ಕಡಿಮಿ ಐತಿ, ಹಳೇ ನೆನಪು ಚಲೋ ಐತಿ ಅಂತ ವರದಿ ಬಂತು. ಇಎನ್‌ಟಿ ಡಾಕ್ಟರು ಕಾಫಿ ಪುಡಿ, ಲವಂಗ, ಇಂಗು ಮೂಸಿಸಿ ನೋಡಿ ವಾಸನಿ ಪೂರ್ತಿ ಇಲ್ಲ ಅಂತ ಬರದು ಕೊಟ್ರು. ವಾಹನ ತಪಾಸಣಿ ವರದಿಯೊಳಗ ಟ್ರೇಲರ್ ಹಿಂದ ದೀಪ ಇಲ್ಲ ಅನ್ನೋ ಸಾಲು ಸಿಕ್ಕಿತು. ವಿಮಿ ಟ್ರ್ಯಾಕ್ಟರ್‌ಗೆ ಐತಿ, ಟ್ರೇಲರ್‌ಗೆ ಇಲ್ಲ. ಅದರ ಮ್ಯಾಲ ಜಗಳ ಆಗತೈತಿ ಅಂತ ನಮ್ಮ ವಕೀಲರು ಹೇಳ್ಯಾರ. ಆರು ತಿಂಗಳಿಗೆ ಎಂಟು ದಿನ ಇದ್ದಾಗ ಗಂಗಾವತಿ ಕೋರ್ಟಿನಾಗ ಅರ್ಜಿ ಹಾಕಿದ್ವಿ.

ಬಂಡಿ ಮತ್ತ ಹಚ್ಚೇವಿ. ಬಾಣಲಿ ಮುಂದ ತಮ್ಮನ ಹೆಂಡ್ತಿ ನಿಲ್ತಾಳ. ಅವ ಮೆಣಸಿನಕಾಯಿ ಸೀಳಿ ಜೀರಗಿ ಉಪ್ಪು ತುಂಬತಾನ, ಅದು ಕೈಗೆ ರೂಢಿ ಐತಿ. ಸಾಲಿ ಬಿಟ್ಟ ಮ್ಯಾಲ ಮಗಳು ಬಂದು ರೊಕ್ಕದ ಡಬ್ಬಿ ಹತ್ರ ಕುಂದರತಾಳ. ಸಿಟ್ಟು ಬಂದಾಗ ಅವ ಎದ್ದು ಬಸ್‌ಸ್ಟ್ಯಾಂಡ್ ಸುತ್ತು ಹಾಕಿ ಬರ್ತಾನ, ಮೇಡಂ ಹೇಳಿಕೊಟ್ಟದ್ದು.

ನೋಟ್‌ಬುಕ್ ನಾನ ಬರಿತಿದ್ದೆ. ಮೊನ್ನಿ ತೆಗದು ನೋಡಿದ್ರ ಅವನ ಅಕ್ಷರದಾಗ ಒಂದು ಸಾಲಿತ್ತು: "ಮಗಳು ಮಲ್ಲಿಗಿ ಮುಡಕೊಂಡು ಬಂದಿದ್ಲು, ಚಲೋ ವಾಸನಿ ಐತಿ ಅಂತ ಸುಳ್ಳು ಹೇಳಿದೆ."

ವಕೀಲ ಸರ್, ಈ ನೋಟ್‌ಬುಕ್ ಈಗಲೇ ಕೋರ್ಟಿಗೆ ಕೊಡಬೇಕೇನ್ರಿ, ಇಲ್ಲಾ ನಮ್ಮ ಹತ್ರ ಇಟ್ಕೋಬೇಕ್ರಿ?

ಎಂವಿಸಿ ವಕೀಲ, ಕೊಪ್ಪಳ

ಮೂಲ ನಿಮ್ಮ ಹತ್ತಿರವೇ ಇರಲಿ, ಜೆರಾಕ್ಸ್ ತೆಗೆಸಿ ನಿಮ್ಮ ವಕೀಲರಿಗೆ ಕೊಡಿ. ನೋಟ್‌ಬುಕ್ ಒಂದೇ ಸಾಕ್ಷ್ಯವಾಗದು. ನಿಮ್ಮ ತಮ್ಮನ ಹೆಂಡತಿಯೋ ನೀವೋ ಕಟಕಟೆಯಲ್ಲಿ ನಿಂತು ಹೇಳಬೇಕು, ತಾರೀಖು ತಪ್ಪದಂತೆ ಹೇಳಲು ಅದು ಆಸರೆ. ಸಾಕ್ಷಿ ದಿನ ಮೂಲವನ್ನೇ ತನ್ನಿ. ಅವರು ಬರೆದ ಆ ಪುಟವನ್ನು ಹರಿಯಬೇಡಿ, ತಿದ್ದಬೇಡಿ. ಬರೆಯಬೇಕೆನಿಸಿದರೆ ಅವರೇ ಮುಂದೆಯೂ ಬರೆಯಲಿ.